ಮಗಳ ಹ್ಯಾಟೆಯ ಮೊಟ್ಟೆಗಳು

ನೊಣವಿನಕೆರೆ ಹತ್ತಿರದ ತೋಟದ ಮನೆಯಲ್ಲಿ ಚಿಕ್ಕಗಂಗಮ್ಮ ಕೋಳಿಮೊಟ್ಟೆ ಎತ್ತಿಡುತ್ತಿದ್ದದ್ದು ರಾಗಿ ಮಡಕೆಯೊಳಗೆ. ತಣ್ಣಗಿನ ಮೂಲೆ, ಚೂಪು ತುದಿ ಕೆಳಗೆ, ಮೇಲೆ ಒಂದು ಹಿಡಿ ರಾಗಿ. ಅಲ್ಲಿಟ್ಟ ಮೊಟ್ಟೆ ಕಾವಿಗೆ ಕೂರಿಸುವವರೆಗೂ ಕೆಡುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಮಡಕೆಯಲ್ಲಿದ್ದವು ಬರೀ ಮೊಟ್ಟೆಗಳಲ್ಲ. ಹಿಂದಿನ ವರ್ಷ ಕಾಮಾಲೆಯಾಗಿ ತೀರಿಕೊಂಡ ಮಗಳು ಸರ್ವಮಂಗಳ ಸಾಕಿದ್ದ ಕೆಂಪು ಹ್ಯಾಟೆಯವು. ಆ ಹ್ಯಾಟೆಯನ್ನು ಮೊನ್ನೆಯಷ್ಟೇ ಮುಂಗುಸಿ ಎಳೆದೊಯ್ದಿತ್ತು. ಹಾಳು ಮುಂಗುಸಿಗೆ ಊರಲ್ಲಿ ಬೇರೆ ಕೋಳಿಯೇ ಸಿಗಲಿಲ್ಲ! ಮಗಳ ಕೈಯಲ್ಲಿ ಕಾಳು ತಿಂದ ಕೋಳಿಯ ತಳಿ ಉಳಿಯಬೇಕಾದರೆ ಇನ್ನು ಈ ಮೊಟ್ಟೆಗಳೇ ಗತಿ. ಅಂಗಳದ ಕರಿ ಹ್ಯಾಟೆ ಕಾವಿಗೆ ಬರಲೆಂದು ಚಿಕ್ಕಗಂಗಮ್ಮ ಕಾಯುತ್ತಿದ್ದಳು.

ಸೊಸೆ ಶಾಂತಕುಮಾರಿ ಒಳ್ಳೆಯವಳೇ. ತವರಿನಿಂದ ಫ್ರಿಜ್ಜು ತಂದವಳು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ನೆರೆಯವರು ನಕ್ಕರೂ ಅವಳಿಗೇನೂ ಬಿಂಕವಿರಲಿಲ್ಲ. ಅತ್ತೆ ತಿಪಟೂರಿನ ನೆಂಟರ ಮನೆಗೆ ಹೋಗಿದ್ದ ವಾರ ಬಿಸಿಲು ಕೆಂಡದಂತಿತ್ತು. ನಾದಿನಿಯ ಕೋಳಿಯ ಮೊಟ್ಟೆ ಕೆಟ್ಟಾವೆಂದು ಹೆದರಿ, ಎಲ್ಲವನ್ನೂ ಒರೆಸಿ ಫ್ರಿಜ್ಜಿನಲ್ಲಿಟ್ಟಳು.

"ನೋಡಿ ಅತ್ತೆ, ಒಂದೂ ಕೆಟ್ಟಿಲ್ಲ," ಎಂದು ಅತ್ತೆ ಬಂದ ಕೂಡಲೇ ಬಾಗಿಲು ತೆರೆದು ತೋರಿಸಿದಳು.

ಚಿಕ್ಕಗಂಗಮ್ಮ ಒಂದನ್ನು ಅಂಗೈಯಲ್ಲಿ ಹಿಡಿದಳು. ಮಂಜುಗಡ್ಡೆಯಂತೆ ಕೊರೆಯುತ್ತಿತ್ತು. ತಿನ್ನುವ ಮೊಟ್ಟೆಗಾದರೆ ಆ ಚಳಿ ಸರಿ, ಮರಿಯಾಗುವ ಮೊಟ್ಟೆಗೆ ಆಗದು.

"ಅಯ್ಯೋ, ಇದೇನ್ ಮಾಡ್ದೆ ಕಣೇ?"

ಸೊಸೆಯ ಮುಖ ಬಿಳಿಚಿಕೊಂಡಿತು. "ಆಚೆ ಇಟ್ರೆ ಬೆಚ್ಗಾಗ್ತವೆ, ಅಲ್ವಾ ಅತ್ತೆ?"

ಅತ್ತೆ ಬಾಯಿಗೆ ಬಂದ ಮಾತು ನುಂಗಿಕೊಂಡಳು. ಸೊಸೆ ತೆಂಗಿನ ನಾರು ಹರಡಿ, ಮೊಟ್ಟೆಗಳನ್ನಿಟ್ಟು, ತೆಳು ಬಟ್ಟೆ ಹೊದಿಸಿದಳು. ಅವು ಬೆವರಿದವು, ಆಮೇಲೆ ಒಣಗಿದವು. ಸಂಜೆಗೆ ತಣ್ಣಗಿನ ಮೈ ಹೋಗಿ ಮನೆಯಷ್ಟೇ ಬೆಚ್ಚಗಾಗಿದ್ದವು. ಶಾಂತಕುಮಾರಿ ಗೆಲುವಾದಳು. ಕರಿ ಹ್ಯಾಟೆಯೂ ಕಾವಿಗೆ ಬಂದಿತು. ಮಂಕರಿಯಲ್ಲಿ ಮೊಟ್ಟೆಯಿಟ್ಟು ಕೂರಿಸಿದರು.

ಮರಿ ಒಡೆಯುವ ದಿನ ಬಂತು, ಹೋಯಿತು. ಚಿಕ್ಕಗಂಗಮ್ಮ ಉಗುರುಬೆಚ್ಚಗಿನ ನೀರಿಗೆ ಮೊಟ್ಟೆಗಳನ್ನು ಬಿಟ್ಟಳು. ಒಳಗೆ ಜೀವವಿದ್ದರೆ ಮೊಟ್ಟೆ ಅಲುಗಬೇಕು. ಇಬ್ಬರೂ ನೀರಿನ ಮೇಲೆ ಬಾಗಿ ಕೂತರು. ನೀರಿನ ಅಲೆ ನಿಂತಿತು. ಒಂದೂ ಅಲುಗಲಿಲ್ಲ.

"ನಿಮಗೆ ಅವತ್ತೇ ಗೊತ್ತಿತ್ತು," ಎಂದು ಸೊಸೆ ಬಿಕ್ಕಿದಳು. "ಯಾಕತ್ತೆ ಹೇಳ್ಲಿಲ್ಲ?"

"ಆಸ್ಪತ್ರೆಯಿಂದ ಸರ್ವಮಂಗಳನ್ನ ತಂದಾಗ ಮೈ ಹಿಂಗೇ ತಣ್ಗಿತ್ತು ಕಣವ್ವಾ. ಬೆಚ್ಗಾದ್ರೆ ಎದ್ದಾಳು ಅಂತ ಕಾಲು ಉಜ್ತಾ ಕೂತಿದ್ದೆ. ಯಾರೂ ಬ್ಯಾಡ ಅನ್ನಲಿಲ್ಲ. ಉಜ್ಜಕ್ಕೆ ಬುಟ್ರು."

ಹೊರಗೆ ಬರಿದಾದ ಮಂಕರಿಯ ಸುತ್ತ ಕರಿ ಹ್ಯಾಟೆ ಕೊರಗುಟ್ಟುತ್ತಾ ತಿರುಗುತ್ತಿತ್ತು. ಶಾಂತಕುಮಾರಿ ಕಣ್ಣೊರೆಸಿಕೊಂಡು ಮೊಟ್ಟೆಗಳನ್ನು ಒಂದೊಂದಾಗಿ ಸೆರಗಿನಲ್ಲಿ ಒರೆಸಿದಳು. ಹ್ಯಾಟೆಯನ್ನು ಮಂಕರಿಯಲ್ಲಿ ಕೂರಿಸಿ, ಎಲ್ಲವನ್ನೂ ಮತ್ತೆ ಅದರ ಹೊಟ್ಟೆಯ ಕೆಳಗೇ ಇಟ್ಟು ಬಂದಳು. ಚಿಕ್ಕಗಂಗಮ್ಮ ಬೇಡ ಅನ್ನಲಿಲ್ಲ.