ಗೇಟಿನ ದುಡ್ಡು

"ಇಳಿಯೋ ಬೋಳಿಮಗನೆ! ನಿಮ್ಮಪ್ಪ ಇಳೀಲಿಲ್ವಾ, ನಿಮ್ಮಜ್ಜ ಇಳೀಲಿಲ್ವಾ? ನಿನಗೊಬ್ಬನಿಗೆ ಹೊಸದಾಗಿ ಮೂಗು ಬಂದಿದ್ಯಾ?"

ಹೆಡ್ ವಾರ್ಡರ್ ಹೀಗಂದು, ಜೈಲಿನ ಹಿತ್ತಲಲ್ಲಿ ಉಕ್ಕುತ್ತಿದ್ದ ಮಲದ ಗುಂಡಿಯ ಅಂಚಿಗೆ ತಮ್ಮನನ್ನು ಲಾಠಿಯಿಂದ ತಿವಿದಿದ್ದ. ಭೇಟಿಯ ದಿನ ಅವನು ಜಾಲರಿಯ ಆಚೆ ನಿಂತು ಅದನ್ನೆಲ್ಲ ಹೇಳುತ್ತಿದ್ದರೆ, ಈಚೆ ನಿಂತ ಅಕ್ಕನಿಗೆ ಅವನ ಕಣ್ಣು ನೋಡಲಾಗಲಿಲ್ಲ.

"ಸೊಂಟದವರೆಗೂ ಇಳಿಸಿದ್ರು ಅಕ್ಕ. ಬಕೆಟ್ ತುಂಬಿ ತುಂಬಿ ಕೊಟ್ಟೆ. ಆಮೇಲೆ ಬ್ಯಾರಕ್ಕಲ್ಲಿ ಯಾರೂ ಪಕ್ಕ ಮಲಗಿಸಿಕೊಳ್ಳಲಿಲ್ಲ. ಮತ್ತೆ ಇಳಿಸ್ತಾರಂತೆ."

"ಆಗಲ್ಲ ಅನ್ನು."

"ಅಂದೆ. ಅದಕ್ಕೇ ನೋಡು," ಎಂದು ಊದಿದ ತುಟಿ ತೋರಿಸಿದ.

ಅವರ ಓಣಿಯ ಗಂಡಸರದ್ದೆಲ್ಲ ಒಂದೇ ಕಸುಬು. ಊರಿನ ಚರಂಡಿ, ಊರಿನ ಗುಂಡಿ, ದಿಕ್ಕಿಲ್ಲದ ಹೆಣ. ಅಪ್ಪ ಗುಂಡಿಯೊಳಗೇ ಸತ್ತ ಮೇಲೆ ಅಕ್ಕ ಹಟ ಹಿಡಿದು ತಮ್ಮನನ್ನು ಪಂಕ್ಚರ್ ಅಂಗಡಿಗೆ ಸೇರಿಸಿದ್ದಳು. ಕೈಗೆ ರಬ್ಬರಿನ ವಾಸನೆ ಅಂಟಿದರೆ ಸಾಕು ಅನ್ನುತ್ತಿದ್ದಳು. ಅದೇ ಅಂಗಡಿಗೆ ಯಾರೋ ಕದ್ದ ಬೈಕನ್ನು ಗಾಳಿ ಹೊಡೆಸಲು ತಂದು ನಿಲ್ಲಿಸಿ ಹೋದ. ಪೊಲೀಸರಿಗೆ ಕಳ್ಳ ಸಿಗಲಿಲ್ಲ, ಗಾಳಿ ಹೊಡೆಯುವವನು ಸಿಕ್ಕಿದ. ಜಡ್ಜು ಜಾಮೀನು ಕೊಟ್ಟರು. ಆದರೆ ಮನೆಯೋ ಜಮೀನೋ ಇದ್ದವರು ಬಂದು ಹೊಣೆ ನಿಲ್ಲಬೇಕು. ಓಣಿಯಲ್ಲಿ ಯಾರ ಹೆಸರಿಗೂ ಒಂದು ಗೋಡೆಯಿರಲಿಲ್ಲ. ಸರ್ಕಾರ ಕೊಟ್ಟ ವಕೀಲ ಇಡೀ ಜೈಲಿಗೆ ಒಬ್ಬನೇ. ಪ್ರತಿ ಸಲವೂ ಅಕ್ಕನನ್ನು ನೋಡಿ, "ನಿಂದು ಯಾವ ಕೇಸಮ್ಮ?" ಎಂದು ಹೊಸದಾಗಿ ಕೇಳುತ್ತಿದ್ದ.

ಅಕ್ಕ ಆ ಭೇಟಿಯ ದಿನವೇ ಜೈಲಿನ ಸಾಹೇಬರ ಕೋಣೆಯ ಬಾಗಿಲಿಗೆ ಹೋಗಿ ನಿಂತಳು. ಹೊರಗೆ ವೆಲ್ಡಿಂಗಿನ ಕಿಡಿ ಹಾರುತ್ತಿತ್ತು. ಮುಂಬಾಗಿಲಿಗೆ ಕರೆಂಟಿನ ಗೇಟು ಕೂರಿಸುತ್ತಿದ್ದರು. ಗುಂಡಿ ಒತ್ತಿದರೆ ತಾನೇ ಸರಿಯುವ ಗೇಟು.

"ಅಲ್ಲೇ ನಿಲ್ಲು," ಅಂದರು ಸಾಹೇಬರು. "ಏನು?"

"ನನ್ನ ತಮ್ಮನ್ನ ಗುಂಡಿಗೆ ಇಳಿಸಬೇಡಿ ಸಾಹೇಬ್ರೆ. ಪೈಪಲ್ಲಿ ಗುಂಡಿ ಎಳೆಯೋ ಗಾಡಿ ಕರೆಸಿ."

"ಯಾವ ದುಡ್ಡಲ್ಲಿ? ನನ್ನ ಸಂಬಳದಲ್ಲಾ?"

"ಅಷ್ಟು ದೊಡ್ಡ ಗೇಟು ಹಾಕಿಸ್ತಿದ್ದೀರಲ್ಲ."

"ಅದು ಗೇಟಿನ ದುಡ್ಡು. ಮೇಲಿನವರು ಗೇಟಿಗೆ ಅಂತ ಕೊಟ್ಟಿದ್ದು. ಈ ವರ್ಷ ಖರ್ಚು ಮಾಡದಿದ್ರೆ ವಾಪಸ್ ಹೋಗುತ್ತೆ. ಗುಂಡಿಗೆ ಅಂತ ಬಿಡಿಗಾಸೂ ಬಂದಿಲ್ಲ. ಇನ್ನೂರು ಜನಕ್ಕೆ ಕಟ್ಟಿದ ಜೈಲಲ್ಲಿ ಎಂಟುನೂರು ಜನ ಹೇತರೆ ಅದು ಉಕ್ಕದೆ ಇನ್ನೇನಾಗುತ್ತೆ?"

"ಗೇಟು ದಾಟಿ ಯಾರೂ ಓಡಿಹೋಗಿಲ್ವಲ್ಲ ಸಾಹೇಬ್ರೆ. ಗುಂಡೀನೇ ತಾನೆ ಹೊರಗೆ ಹರಿದು ಬಂದಿರೋದು?"

ಬಾಗಿಲ ಬಳಿ ನಿಂತಿದ್ದ ಪೇದೆ ನಗು ತಡೆಯಲಾರದೆ ಕೆಮ್ಮಿದ. ಸಾಹೇಬರ ಮುಖ ಕೆಂಪೇರಿತು.

"ಬಾಯಿ ಜಾಸ್ತಿ ಆಯ್ತು ನಿಂದು. ಪುಕ್ಕಟೆ ಕೂಳು ತಿಂದು ಬಿದ್ದಿದ್ದಾನೆ, ಗೊತ್ತಿರೋ ಕೆಲಸ ಮಾಡಲಿ."

"ಅವನಿಗಿನ್ನೂ ಶಿಕ್ಷೆನೇ ಆಗಿಲ್ಲ."

"ಇದನ್ನ ಶಿಕ್ಷೆ ಅಂತ ಯಾರಂದ್ರು? ಇದು ನಿಮ್ಮ ಕಸುಬು. ನಡಿ ಆಚೆ!"

ಗೇಟು ಉದ್ಘಾಟಿಸಲು ಮಂತ್ರಿಗಳು ಬರುವ ದಿನ ಬೆಳಿಗ್ಗೆ, ಅಕ್ಕ ಆಸ್ಪತ್ರೆಯ ವರಾಂಡ ಒರೆಸುತ್ತಿದ್ದಾಗ ಗಂಡ ಓಡಿಬಂದ. ಅವನು ಎಂದೂ ಓಡಿದವನಲ್ಲ, ಜೋರಾಗಿ ಮಾತಾಡಿದವನೂ ಅಲ್ಲ.

"ಜೈಲಿಂದ ಹೇಳಿಕಳಿಸಿದ್ದಾರೆ. ಹೆಣ ಎತ್ತೋಕೆ ಬನ್ನಿ ಅಂತ."

"ಯಾರದ್ದು?"

ಅವನು ಅವಳ ಕೈಯಿಂದ ಒರೆಸುವ ಬಟ್ಟೆಯನ್ನು ಮೆಲ್ಲಗೆ ಬಿಡಿಸಿಕೊಂಡ.

ತಮ್ಮನನ್ನು ಹಿತ್ತಲಲ್ಲಿ ಹಲಗೆಯ ಮೇಲೆ ಮಲಗಿಸಿದ್ದರು. ಮಂತ್ರಿಗಳಿಗೆ ನಾತ ಹೊಡೆಯಬಾರದೆಂದು ನಸುಕಿನಲ್ಲೇ ಇಳಿಸಿದ್ದರಂತೆ. ಒಳಗಿನ ವಿಷಗಾಳಿಗೆ ಕುಸಿದವನನ್ನು ಮೇಲಕ್ಕೆಳೆಯಲು ಅವನ ಸೊಂಟಕ್ಕೆ ಹಗ್ಗವಿರಲಿಲ್ಲ. ಎಳೆದ ಮೇಲೆ ನೋಡಲು ಡಾಕ್ಟರಿರಲಿಲ್ಲ, ಆ ಹುದ್ದೆಗೆ ಯಾರನ್ನೂ ತೆಗೆದುಕೊಂಡೇ ಇರಲಿಲ್ಲ. ಪೈಪಿನ ನೀರು ಬಿಟ್ಟು ಗಡಿಬಿಡಿಯಲ್ಲಿ ತೊಳೆದಿದ್ದರು. ಕಿವಿಯೊಳಗೆ, ರೆಪ್ಪೆಗಳ ಬುಡದಲ್ಲಿ ಇನ್ನೂ ಉಳಿದಿತ್ತು. ಅಕ್ಕ ಕೂತು ಬೆರಳಿನಿಂದ ಅದನ್ನು ತೆಗೆದಳು. ಅಳಲಿಲ್ಲ.

"ಹಾರ್ಟು," ಅಂದ ಹೆಡ್ ವಾರ್ಡರ್. "ಹಿಂದಿನ ಬಾಗಿಲಿಂದ ತಗೊಂಡು ಹೋಗಿ. ಬೇಗ. ಮುಂದೆ ಮಂತ್ರಿಗಳು ಬರ್ತಾರೆ."

ಗಂಡ ಅಭ್ಯಾಸಬಲದಿಂದ ತಲೆಯಾಡಿಸಿದ. ಜೊತೆಗೆ ಬಂದಿದ್ದ ಓಣಿಯ ನಾಲ್ವರು ಹಲಗೆಗೆ ಹೆಗಲು ಕೊಟ್ಟರು. ಅಕ್ಕ ಎದ್ದು ಅವರ ಮುಂದೆ ನಡೆದಳು. ಹಿಂಬಾಗಿಲಿಗಲ್ಲ. ಬ್ಯಾರಕ್ಕಿನ ಮಗ್ಗುಲಿನಿಂದ, ಪೆಂಡಾಲಿನ ಕುರ್ಚಿಗಳ ನಡುವಿನಿಂದ, ನೇರ ಮುಂದಕ್ಕೆ.

"ಏಯ್! ಎಲ್ಲಿಗೆ?"

ಯಾರೂ ತಿರುಗಲಿಲ್ಲ. ಹೊಸ ಗೇಟು ತೆರೆದೇ ಇತ್ತು. ಅದು ಸರಿಯುವ ಹಳಿಗೆ ಅಡ್ಡಲಾಗಿ ಅಕ್ಕ ಕೈ ತೋರಿಸಿದಳು.

"ಇಲ್ಲಿಳಿಸಿ."

ಇಳಿಸಿದರು. ಅವಳು ತಮ್ಮನ ತಲೆಯ ಬಳಿ ಕೂತಳು. ಗಂಡ ಕಾಲಿನ ಬಳಿ ಕೂತ. ಉಳಿದವರು ಆಚೀಚೆ ಕೂತರು.

ಸಾಹೇಬರು ಟೋಪಿ ಸರಿಮಾಡಿಕೊಳ್ಳುತ್ತ ಓಡಿಬಂದರು. "ಗೇಟ್ ಹಾಕ್ರೋ!" ಪೇದೆ ಗುಂಡಿ ಒತ್ತಿದ. ಗೇಟು ಗುರುಗುಟ್ಟುತ್ತ ಬಂದು, ಹಲಗೆಗೆ ತಾಗಿ, ಹಿಂದಕ್ಕೆ ಸರಿಯಿತು.

"ಯಾರು ಹೇಳಿದ್ದು ನಿಮಗೆ ಇಲ್ಲಿಡೋಕೆ? ಎತ್ರೋ!"

ಗಂಡ ತಲೆಯೆತ್ತಿದ. "ಎತ್ತಲ್ಲ."

"ಏನಂದೆ ಸೂಳೆಮಗನೆ?"

"ಎತ್ತಲ್ಲ ಅಂದೆ. ಕಿವಿ ಕೇಳಲ್ವಾ?"

ಸಾಹೇಬರು ಹೆಡ್ ವಾರ್ಡರ್ ಕಡೆ ತಿರುಗಿ ಕಿರುಚಿದರು. "ಹೆಣ ಎತ್ತೋರಿಗೆ ಫೋನ್ ಮಾಡು! ಈಗಲೇ!"

"ಎತ್ತೋರು ಇವರೇ ಸಾರ್."

"ಬೇರೆಯವರು?"

"ಬೇರೆ ಯಾರೂ ಇಲ್ಲ ಸಾರ್."

ದೂರದ ತಿರುವಿನಲ್ಲಿ ಸೈರನ್ ಕೇಳಿಸಿತು. "ಹಾಗಾದ್ರೆ ನೀವೇ ಎತ್ತಿ!" ಅಂದರು ಸಾಹೇಬರು. ಸಾಲಾಗಿ ನಿಂತಿದ್ದ ಪೇದೆಗಳು ಹಲಗೆಯತ್ತ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಮೂಗಿಗೆ ಕೈಬಟ್ಟೆ ಹಿಡಿದರು. ಒಬ್ಬನೂ ಹೆಜ್ಜೆ ಮುಂದಿಡಲಿಲ್ಲ.

ಅಕ್ಕ ತಮ್ಮನ ಕೂದಲನ್ನು ಬೆರಳಿನಿಂದ ಬಾಚುತ್ತ, ಸೈರನ್ನಿನ ಕಡೆಗೆ ಮುಖ ಮಾಡಿ ಕೂತಿದ್ದಳು.