ಕೀಲಿ ಕೈಗೆ ಬರುವವರೆಗೆ

ರಸ್ತೆ ದಾಟುವ ಕಡೆ ಕಂಬಕ್ಕೆ ಎರಡು ಗುಂಡಿಗಳಿದ್ದವು. ಒಂದು ನಡೆದು ಬರುವವರಿಗೆ, ಇನ್ನೊಂದು ಕುದುರೆಯ ಮೇಲೆ ಕೂತವರ ಕೈಗೆ ಎಟುಕುವಷ್ಟು ಎತ್ತರದಲ್ಲಿ. ಒಫೇಲಿಯಾ ಎಡಗೈಯಲ್ಲಿ ಕುದುರೆ ಕನೇಲೋನ ಹಗ್ಗ ಹಿಡಿದು, ತುದಿಗಾಲಲ್ಲಿ ನಿಂತು, ಎತ್ತರದ ಗುಂಡಿಗೇ ಕೈ ಚಾಚಿದಳು. ಕೆಳಗಿನದನ್ನು ಒತ್ತಿದ್ದರೂ ಅದೇ ದೀಪ ಹತ್ತುತ್ತಿತ್ತು. ಆದರೆ ಅವಳ ಗಂಡ ಸೆಲ್ಸೋ ಯಾವಾಗಲೂ ಮೇಲಿನದನ್ನೇ ಒತ್ತುತ್ತಿದ್ದ, ಕುದುರೆಯಿಲ್ಲದೆ ಹಾಲು ತರಲು ಹೊರಟಾಗಲೂ. "ನಾವು ಕುದುರೆಯವರು ಕಣೇ ಮುದುಕಿ, ಊರಿಗೆ ಗೊತ್ತಾಗ್ಲಿ" ಎನ್ನುತ್ತಿದ್ದ. ಅವನು ಉದ್ದನೆಯ ಆಳು.

ಒಫೇಲಿಯಾ ಒಮ್ಮೆ ಜಿಗಿದಳು. ಕನೇಲೋ ಬೆಚ್ಚಿ ತಲೆಯೆತ್ತಿದ. ಅವನಿಗಿಂತ ಹೆಚ್ಚು ಬೆಚ್ಚಿದ ಅವಳು ಹಗ್ಗವನ್ನೇ ಬಿಟ್ಟುಬಿಟ್ಟಳು. ಕುದುರೆ ಎಲ್ಲಿಗೂ ಹೋಗಲಿಲ್ಲ. ಕುಂಟುಗಾಲನ್ನು ಸ್ವಲ್ಪ ಎತ್ತಿ ಹಿಡಿದು ಅಲ್ಲೇ ನಿಂತಿತ್ತು. ಅವಳು ಹಗ್ಗ ಎತ್ತಿಕೊಂಡು ಕೆಳಗಿನ ಗುಂಡಿ ಒತ್ತಿದಳು.

ಮೂವತ್ತೊಂದು ವರ್ಷ ಗಂಡನ ಅಂಗಿಯಿಂದ ಕುದುರೆಯ ವಾಸನೆ ಒಗೆದವಳು ಒಂದು ದಿನವೂ ಕುದುರೆಯನ್ನು ಮುಟ್ಟಿರಲಿಲ್ಲ. ಹೆದರಿಕೆ. ಸೆಲ್ಸೋ ಮೊದಲು ಬೇರೆ ಕಡೆ, ಆಮೇಲೆ ನದಿಯ ದಡದ ಲಾಯದಲ್ಲಿ ಇಪ್ಪತ್ತಾರು ವರ್ಷ ಊರವರ ಕುದುರೆಗಳ ಮೈ ತಿಕ್ಕಿದವನು. ಕನೇಲೋ ಕುಂಟಾದಾಗ ಯಜಮಾನರು ಅದನ್ನು ಅವನಿಗೇ ಕೊಟ್ಟುಬಿಟ್ಟರು. ಬಡವನಿಗೆ ಕುದುರೆ ಸಿಕ್ಕರೆ ಕೇಳಬೇಕೆ! ಕುದುರೆಗೆ ಅಂಗಳ ಬೇಕೆನಿಸಿತು, ಅಂಗಳಕ್ಕೆ ಮನೆ ಬೇಕಾಯಿತು. ಮನುಷ್ಯರಿಗೆ ಕಾಲುದಾರಿಯಿಲ್ಲದಿದ್ದರೂ ಕುದುರೆಗೆ ಮಣ್ಣಿನ ದಾರಿಯಿರುವ ನಾರ್ಕೋ ಊರಲ್ಲಿ ಅಂಥ ಮನೆ ಮಾರಾಟಕ್ಕೆ ಬಂದರೆ ಜನ ಮುಗಿಬೀಳುತ್ತಾರೆ. ಡಾರ್ಲೀನ್ ಎಂಬ ಮುದುಕಿಯ ಮನೆಗೆ ಆರು ಜನ ಬಂದಿದ್ದರು. ಐವರು ಸೆಲ್ಸೋಗಿಂತ ಹೆಚ್ಚು ಬೆಲೆ ಹೇಳಿದ್ದರು.

ಕೊಳ್ಳುವವರು ಮಾರುವವರಿಗೊಂದು ಕಾಗದ ಬರೆಯುವುದು ಅಲ್ಲಿಯ ವಾಡಿಕೆ. ಸೆಲ್ಸೋ ಹೇಳಿದ್ದನ್ನು ಮನೆ ಮಾರಿಸುವ ಗ್ರಸಿಯೆಲಾ ಇಂಗ್ಲಿಷಿನಲ್ಲಿ ಬರೆದಳು. "ನನ್ನ ಹತ್ತಿರ ಇರುವುದು ಒಂದೇ ಕುದುರೆ. ಅದಕ್ಕೆ ಹತ್ತೊಂಬತ್ತು ವರ್ಷ. ಅದು ಸಾಯುವವರೆಗೆ ನಿಮ್ಮ ಅಂಗಳದಲ್ಲಿ ಇರುತ್ತದೆ. ಅಂಗಳವನ್ನು ದಿನಾ ಸಂಜೆ ಬಾಚುತ್ತೇನೆ." ಇಷ್ಟೇ ಕಾಗದ. ಡಾರ್ಲೀನ್ ಕೊನೆಯ ಸಾಲನ್ನು ಎರಡು ಸಲ ಓದಿ, ಹೆಚ್ಚು ಹೇಳಿದ ಐವರನ್ನೂ ಬಿಟ್ಟು ಇವನಿಗೆ ಹೂಂ ಅಂದಳು.

ಅಂದೇ ಗ್ರಸಿಯೆಲಾ ಗಂಡಹೆಂಡಿರನ್ನು ಕೂರಿಸಿಕೊಂಡು ಎಲ್ಲ ಗಿರಾಕಿಗಳಿಗೂ ಹೇಳುವ ಮಾತನ್ನೇ ಹೇಳಿದ್ದಳು: "ಕೀಲಿ ಕೈಗೆ ಬರೋವರೆಗೂ ಹೊಸದೇನೂ ಮಾಡ್ಬೇಡಿ. ಕಾರ್ ಬೇಡ, ಕಂತಿನ ಮೇಲೆ ಫ್ರಿಜ್ ಬೇಡ, ಕೆಲಸ ಬಿಡೋದಂತೂ ಬೇಡವೇ ಬೇಡ. ನಿಮ್ಮ ಹೆಸರಲ್ಲಿ ಒಂದು ಹೊಸ ಬಿಲ್ ಹುಟ್ಟಬಾರ್ದು. ಸಾಲ ಕೊಡೋ ಬ್ಯಾಂಕಿನೋರು ಕೊನೇ ದಿನಾನೂ ನಿಮ್ಮ ಲೆಕ್ಕ ತೆಗೆದು ನೋಡ್ತಾರೆ." ಪಾಪ, ಅವಳ ಮನಸ್ಸಿನಲ್ಲಿದ್ದದ್ದು ಕಾರು, ಫ್ರಿಜ್ಜು. ಸೆಲ್ಸೋ ಅದನ್ನು ಪಾದ್ರಿಯ ಬಾಯಿಂದ ಬಂದ ಮಾತಿನಂತೆ ಕೇಳಿಸಿಕೊಂಡ.

ಕೀಲಿ ಬರಲು ನಾಲ್ಕು ದಿನ ಇದೆಯೆನ್ನುವಾಗ ಅವನು ಲಾಯದ ಅಂಗಳ ಬಾಚುತ್ತ ಬಿದ್ದು ಅಲ್ಲೇ ತೀರಿಕೊಂಡ. ಗಂಡಹೆಂಡಿರ ಎರಡು ಸಂಬಳದಲ್ಲಿ ದೊಡ್ಡದು ನಿಂತುಹೋಯಿತೆಂದು ಬ್ಯಾಂಕು ಕೈಯೆತ್ತಿತು. ಮನೆ ಪಟ್ಟಿಯಲ್ಲಿದ್ದ ಎರಡನೆಯವರಿಗೆ ಹೋಯಿತು. ಅವರಿಗೆ ಕುದುರೆ ಇಲ್ಲ, ಎರಡು ದೋಣಿಗಳಿವೆ, ನಿಲ್ಲಿಸಲು ಜಾಗ ಬೇಕಾಗಿತ್ತು. ಕನೇಲೋನನ್ನು ಸಾಕುತ್ತೇನೆಂದ ಟೆಮೆಕ್ಯುಲ ಊರಿನ ಹೆಂಗಸೊಬ್ಬಳು ನಾಳೆ ಬಂದು ಕರೆದೊಯ್ಯುವವಳಿದ್ದಳು. ಅದಕ್ಕೇ ಒಫೇಲಿಯಾ ಇವತ್ತು ಹೊರಟಿದ್ದು.

"ಹಗ್ಗ ಕೈಗೆ ಸುತ್ಕೋಬೇಡ! ಅದು ಓಡಿದ್ರೆ ನಿನ್ನ ಬೆರಳೂ ಅದರ ಜೊತೆ ಓಡ್ತವೆ!"

ರಸ್ತೆ ದಾಟಿ ಆ ಮನೆಯ ಹತ್ತಿರ ಬಂದ ಒಫೇಲಿಯಾಗೆ ಬೇಲಿಯಾಚೆಯಿಂದ ಕೂಗಿದವಳು ಡಾರ್ಲೀನ್. ಎಪ್ಪತ್ತೆಂಟರ ಮುದುಕಿ, ಮಂಡಿ ಎರಡೂ ಹೋಗಿವೆ, ನಾಲಿಗೆ ಮಾತ್ರ ಗಟ್ಟಿ. ಹಿತ್ತಲ ಅಂಗಳದ ಮಣ್ಣನ್ನು ಹಲ್ಲುಗೋಲಿನಿಂದ ಬಾಚುತ್ತಿದ್ದಳು. ಅವಳ ಕೊನೆಯ ಕುದುರೆ ಸತ್ತು ಎರಡು ವರ್ಷವಾದರೂ ಬಾಚುವುದನ್ನು ಬಿಟ್ಟಿರಲಿಲ್ಲ.

"ಯಾರು ಹೇಳ್ಕೊಟ್ರು ನಿಂಗೆ ಹಂಗೆ ಹಿಡಿಯೋಕೆ?"

"ಯಾರೂ ಇಲ್ಲ," ಎಂದಳು ಒಫೇಲಿಯಾ.

ಡಾರ್ಲೀನ್ ಟೋಪಿ ತೆಗೆದು ಬೇಲಿಯ ಹತ್ತಿರ ಬಂದಳು.

"ಒಂದ್ಸಲ ಒಳಗೆ ಬಿಡ್ತೀರಾ ಅಮ್ಮ? ಕೀಲಿ ಬಂದ ದಿನ ಇವನನ್ನ ನಡೆಸ್ಕೊಂಡು ಬರ್ಬೇಕು, ದೊಡ್ಡ ಗೇಟಿಂದ್ಲೇ ಒಳಗೆ ಕರ್ಕೊಂಡು ಹೋಗ್ಬೇಕು, ತೊಟ್ಟೀಲಿ ನೀರು ಕುಡಿಸ್ಬೇಕು ಅಂತ ಅವ್ರು ಹೇಳ್ತಾನೇ ಇದ್ರು. ನೀರು ಕುಡಿಸಿ ವಾಪಸ್ ಹೋಗ್ತೀನಿ."

"ನಾಳೆ ಹತ್ತು ಗಂಟೆಗೆ ದೋಣಿಯೋರು ಕೊನೇ ಸಲ ನೋಡೋಕೆ ಬರ್ತಾರೆ. ಅಲ್ಲೀವರೆಗೆ ಇದು ನನ್ನ ಮನೆ," ಎಂದು ಡಾರ್ಲೀನ್ ಗೇಟನ್ನು ಪೂರ್ತಿ ತೆರೆದಳು. "ಹಗ್ಗ ಎಳೀಬೇಡ. ನೀನು ನಡಿ, ಅದು ಬರತ್ತೆ."

ಒಫೇಲಿಯಾ ನಡೆದಳು, ಅದು ಬಂತು. ಈಗಷ್ಟೇ ಬಾಚಿದ ಮಣ್ಣಿನ ಮೇಲೆ ಗೊರಸಿನ ಗುರುತುಗಳು ಬಿದ್ದವು, ಪಕ್ಕದಲ್ಲೇ ಅವಳ ಸಣ್ಣ ಬೂಟುಗಳವು. ತೊಟ್ಟಿ ಒಣಗಿತ್ತು. ಡಾರ್ಲೀನ್ ಪೈಪು ಎಳೆದು ತಂದು ನಲ್ಲಿ ಬಿಟ್ಟಳು. ನೀರು ಸಣ್ಣಗೆ ಬೀಳತೊಡಗಿತು. ತುಂಬಲು ಹೊತ್ತು ಬೇಕಿತ್ತು.

"ಹೃದಯ ಅಂದ್ಲು ಗ್ರಸಿಯೆಲಾ," ಎಂದಳು ಡಾರ್ಲೀನ್. "ಗಟ್ಟಿ ಆಳು. ಮನೆ ನೋಡೋಕೆ ಬಂದ ದಿನ ನನ್ನ ಕೈಯಿಂದ ಹಲ್ಲುಗೋಲು ಕಿತ್ಕೊಂಡು, ಹಿಂದೆ ಹಿಂದೆ ನಡೆದು ಬಾಚಿ ತೋರಿಸ್ದ. ಹೆಜ್ಜೆ ಉಳೀಬಾರ್ದಂತೆ. ನಂಗೇ ಪಾಠ! ಮೂರು ಗಂಡಂದಿರನ್ನ ಕಟ್ಕೊಂಡೆ, ಒಬ್ಬನಿಗೂ ಅಂಗಳ ಬಾಚೋಕೆ ಬರ್ಲಿಲ್ಲ. ಒಂದೇ ಸಲಕ್ಕೆ ಹೆಂಗಾಯ್ತು ಅವನಿಗೆ?"

"ಒಂದೇ ಸಲಕ್ಕಲ್ಲ."

ಒಫೇಲಿಯಾ ತೊಟ್ಟಿಯ ನೀರನ್ನೇ ನೋಡುತ್ತಿದ್ದಳು. ಈ ಮಾತನ್ನು ಮಣ್ಣು ಮಾಡಿದ ದಿನ ತನ್ನ ತಂಗಿಗೂ ಹೇಳಿರಲಿಲ್ಲ, ಪಾದ್ರಿಗೂ ಹೇಳಿರಲಿಲ್ಲ.

"ಒಂಬತ್ತು ದಿನ ನೋವಿತ್ತು. ಎದೇಲಿ, ಎಡಗೈಲಿ. ನಾನೇ ರಾತ್ರಿ ಮುಲಾಮು ತಿಕ್ತಿದ್ದೆ. ಆಸ್ಪತ್ರೆಗೆ ಹೋಗೋಣ ಅಂದೆ. 'ಹೋದ್ರೆ ಬಿಲ್ ಹುಟ್ಟತ್ತೆ ಕಣೇ ಮುದುಕಿ. ಗ್ರಸಿಯೆಲಾ ಏನಂದ್ಲು? ಕೀಲಿ ಬರ್ಲಿ. ಮಾರನೇ ದಿನ ಬೆಳಿಗ್ಗೇನೇ ಹೋಗೋಣ, ಬೇಕಾದ್ರೆ ಕುದುರೆ ಮೇಲೇ ಹೋಗೋಣ' ಅಂತ ನಗ್ಸಿದ್ರು. ನಾನೂ ನಕ್ಕುಬಿಟ್ಟೆ ಅಮ್ಮ."

ಒಫೇಲಿಯಾ ಹಗ್ಗವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು.

"ಅವ್ರು ಮೊಂಡ್ರು ಅಂತ ಎಲ್ಲರ ಹತ್ರ ಹೇಳ್ತೀನಿ. ಸುಳ್ಳು. ಎರಡನೇ ಸಲ ನಾನು ಕೇಳ್ಲೇ ಇಲ್ಲ. ನಂಗೂ ಬೇಕಾಗಿತ್ತು ಈ ಮನೆ. ಕುದುರೆಗಲ್ಲ. ಆ ಅಡಿಗೆಮನೆ ಕಿಟಕಿಗೆ. ಇಷ್ಟು ವರ್ಷ ಬೇರೆಯೋರ ಕಿಟಕಿ ಒರೆಸಿದ್ದಾಯ್ತು, ನನ್ನದೂ ಅಂತ ಒಂದು ಇರ್ಲಿ, ಅದರಲ್ಲಿ ಇವರು ಈ ತೊಟ್ಟಿ ಹತ್ರ ನಿಂತಿರೋದು ಕಾಣ್ಲಿ ಅಂತ. ಅದಕ್ಕೇ ಬಾಯಿ ಮುಚ್ಕೊಂಡಿದ್ದೆ."

ಕನೇಲೋ ನೀರಿನ ಸದ್ದಿಗೆ ಕಿವಿ ಮುಂದೆ ಮಾಡಿ ತೊಟ್ಟಿಯೊಳಗೆ ಮೂತಿಯಿಟ್ಟ. ಇನ್ನೂ ಎಟುಕಲಿಲ್ಲ. ತಲೆಯೆತ್ತಿ ಕಾದು ನಿಂತ.

"ಎರಡು ವಾರ," ಎಂದಳು ಡಾರ್ಲೀನ್. ಅವಳ ದನಿ ಬದಲಾಗಿತ್ತು. "ಮೊದಲು ಗೊತ್ತು ಮಾಡಿದ ತಾರೀಖು ಬೇರೆ ಇತ್ತಲ್ಲ. ಎರಡು ವಾರ ಮುಂದಕ್ಕೆ ಹಾಕ್ಸಿದ್ದು ನಾನು. ಕುದುರೆಗಳ ಹಳೇ ಜೀನುಗಳನ್ನ ಮಾರ್ಬೇಕು, ಟೈಮ್ ಸಾಲದು ಅಂತ. ಟೈಮ್ ಬೇಕಾದಷ್ಟಿತ್ತು. ಹೊರಡೋಕೆ ಮನಸ್ಸಿರ್ಲಿಲ್ಲ ಅಷ್ಟೇ. ಆ ಎರಡು ವಾರಾನೂ ದಿನಾ ಸಂಜೆ ಇಲ್ಲೇ ಕೂತು ಸಿಗರೇಟು ಸೇದ್ದೆ."

ಒಫೇಲಿಯಾಗೆ ತಾರೀಖಿನ ಲೆಕ್ಕ ತಿಳಿಯದೆ ಇರಲಿಲ್ಲ. ಮೊದಲಿನ ತಾರೀಖಿಗೇ ಕೀಲಿ ಬಂದಿದ್ದರೆ, ಎದೆ ನೋಯಲು ಶುರುವಾದ ಮೊದಲ ದಿನವೇ ಅವನು ಆಸ್ಪತ್ರೆಗೆ ಹೋಗುತ್ತಿದ್ದ. ಗೆದ್ದವನಂತೆ, ಕೀಲಿ ಜೇಬಿನಲ್ಲಿಟ್ಟುಕೊಂಡು ಹೋಗುತ್ತಿದ್ದ. ಈ ಮುದುಕಿಯ ಮುಖ ನೋಡಿ ಇದನ್ನೊಂದು ಹೇಳಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡೇ ಬಂದಿದ್ದಳು. ಅದರ ಬದಲು ಕೈ ಚಾಚಿ ಡಾರ್ಲೀನಳ ಮೊಳಕೈ ಹಿಡಿದಳು. ಇಬ್ಬರೂ ಹಾಗೇ ನಿಂತು ಅತ್ತರು, ಹೆಚ್ಚು ಸದ್ದು ಮಾಡದೆ.

ನೀರು ಮೇಲೆ ಬಂತು. ಕನೇಲೋ ಕುಡಿಯತೊಡಗಿದ. ಗುಟುಕು ಗುಟುಕಾಗಿ ನೀರು ಇಳಿಯುವುದು ಅವನ ಕತ್ತಿನಲ್ಲಿ ಕಾಣುತ್ತಿತ್ತು. ಒಫೇಲಿಯಾ ಮೊದಲ ಸಲ ಅವನ ಕತ್ತಿನ ಮೇಲೆ ಅಂಗೈ ಇಟ್ಟಳು. ಬಿಸಿಯಿತ್ತು. ಮೂವತ್ತೊಂದು ವರ್ಷ ಅಂಗಿಯಿಂದ ಒಗೆದ ವಾಸನೆ ಅಲ್ಲಿತ್ತು, ಅವಳು ಮುಖ ಒತ್ತಿಬಿಟ್ಟಳು.

"ಹಗ್ಗ ನಂಗೆ ಕೊಡು," ಎಂದಳು ಡಾರ್ಲೀನ್. "ಒಳಗೆ ಹೋಗಿ ಆ ಕಿಟಕಿಯಿಂದ ಒಂದ್ಸಲ ನೋಡ್ಕೊಂಡು ಬಾ."

"ಬೇಡಮ್ಮ. ಅಲ್ಲಿಂದ ನೋಡಿದ್ರೆ ಬರೀ ಕುದುರೆ ಕಾಣತ್ತೆ."

ಕುಡಿದಾದ ಮೇಲೆ ಅವಳು ಹಗ್ಗವನ್ನು ಹೇಳಿಕೊಟ್ಟಂತೆ ಕೈಗೆ ಸುತ್ತದೆ, ಮಡಿಸಿ ಹಿಡಿದಳು. ಎಳೆಯಲಿಲ್ಲ, ನಡೆದಳು. ಕುದುರೆ ಹಿಂದೆ ಬಂತು. ಗೇಟಿನ ಹತ್ತಿರ ಡಾರ್ಲೀನ್ ಅಂದಳು, "ನೀನೇ ಹಾಕು ಗೇಟು. ಅಗಳಿ ಸ್ವಲ್ಪ ಎತ್ತಿ ತಳ್ಳಬೇಕು, ಗೊತ್ತಿರೋರಿಗೆ ಮಾತ್ರ ಬೀಳೋದು." ಒಫೇಲಿಯಾ ಅಗಳಿಯನ್ನು ಎತ್ತಿ ತಳ್ಳಿದಳು. ಅದು ಬಿತ್ತು.

ಮಣ್ಣಿನ ದಾರಿಯಲ್ಲಿ ಸ್ವಲ್ಪ ದೂರ ಹೋಗಿ ತಿರುಗಿ ನೋಡಿದಳು. ಬಿಸಿಲು ಇಳಿಮುಖವಾಗಿತ್ತು. ಡಾರ್ಲೀನ್ ನಾಳೆ ಬರುವವರಿಗೆ ಅಂಗಳ ಒಪ್ಪ ಮಾಡಲು ಆಚೆ ಮೂಲೆಯಿಂದ ಶುರು ಮಾಡಿ ಬಾಚುತ್ತ ಬರುತ್ತಿದ್ದಳು, ಸೆಲ್ಸೋ ತೋರಿಸಿದ ಹಾಗೆ ಹಿಂದೆ ಹಿಂದೆ ನಡೆಯುತ್ತ, ತನ್ನ ಹೆಜ್ಜೆಗಳನ್ನು ತಾನೇ ಅಳಿಸುತ್ತ. ಗೇಟಿನಿಂದ ತೊಟ್ಟಿಯವರೆಗೆ ಹೋಗಿಬಂದ ಗೊರಸಿನ ಗುರುತುಗಳ ಹತ್ತಿರ ಬಂದಾಗ ನಿಂತಳು. ಹಲ್ಲುಗೋಲನ್ನು ಎತ್ತಿ ಹಿಡಿದು, ನೋಯುವ ಮಂಡಿಯಲ್ಲೇ ಅವುಗಳನ್ನು ದಾಟಿ, ಆಚೆ ಬದಿಗೆ ಹೋಗಿ ಮತ್ತೆ ಬಾಚತೊಡಗಿದಳು.