ಬೆನ್ನುಹಲಗೆಯ ಎಡಮೂಲೆ

ಟಕ್, ಟಕ್, ಟಕ್. ಸ್ವಲ್ಪ ಬಿಟ್ಟು ಮತ್ತೆ ಟಕ್.

ಎಲ್ಲರೂ ಮಲಗಿದ ಮೇಲೆ ಸದ್ದು ಎಷ್ಟು ಸಣ್ಣದಿದ್ದರೂ ಕಿವಿಯನ್ನೇ ಹುಡುಕಿಕೊಂಡು ಬರುತ್ತದೆ. ಪಕ್ಕದಲ್ಲಿ ಗಂಡ ಗೊರಕೆ ಹೊಡೆಯುತ್ತಿದ್ದ. ದೊಡ್ಡ ಸೊಸೆ ಕಣ್ಣು ಬಿಟ್ಟುಕೊಂಡು ಮಲಗಿದ್ದಳು. ಆ ಸದ್ದು ಏನೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಹಿತ್ತಲ ಶೆಡ್ಡಿನಲ್ಲಿ ಯಾರೋ ಫೈಬರ್ ದೋಣಿಯ ಬೆನ್ನುಹಲಗೆಯನ್ನು, ಅಂದರೆ ಹಿಂಬದಿಯಲ್ಲಿ ಎಂಜಿನ್ ನೇತುಹಾಕುವ ಗೋಡೆಯನ್ನು, ಸಣ್ಣ ಸುತ್ತಿಗೆಯಲ್ಲಿ ತಟ್ಟಿ ನೋಡುತ್ತಿದ್ದರು. ಫೈಬರಿನ ಒಳಗೆ ಮರ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಟಕ್ ಅನ್ನುತ್ತದೆ, ಅಂಟಿಲ್ಲದಿದ್ದರೆ ದಪ್ ಅನ್ನುತ್ತದೆ. 'ಯಾರೋ' ಅನ್ನುವುದೂ ಸುಮ್ಮನೆ ಮಾತಿಗೆ. ಆ ಮನೆಯಲ್ಲಿ ಹಾಗೆ ತಟ್ಟಿ ತಿಳಿಯಬಲ್ಲವಳು ಒಬ್ಬಳೇ, ಅವಳ ಓರಗಿತ್ತಿ, ಮೈದುನನ ಹೆಂಡತಿ.

ಬಲಗಡೆಯಿಂದ ಬರುತ್ತಿದ್ದಾಳೆ, ಈಗ ನಡುವಿಗೆ ಬಂದಳು. ಅಷ್ಟಕ್ಕೇ ಸಾಕು ಮಾಡೇ ತಾಯಿ, ಹೋಗಿ ಮಲಗಿಕೋ, ಎಂದು ದೊಡ್ಡ ಸೊಸೆ ದಿಂಬನ್ನು ಹಿಚುಕಿದಳು. ಎಡಗಡೆಯ ಕೆಳಮೂಲೆಗೆ ಮಾತ್ರ ಬರಬೇಡ.

ದಪ್.

ಸುತ್ತಿಗೆ ನಿಂತಿತು. ಮತ್ತೆ ಅದೇ ಜಾಗದಲ್ಲಿ, ಇನ್ನೂ ಮೆಲ್ಲಗೆ, ದಪ್.

ಆ ಮೂಲೆ ಯಾಕೆ ಹಾಗೆ ಅನ್ನುತ್ತಿದೆ ಎಂದು ಲೋಕದಲ್ಲಿ ಒಬ್ಬಳಿಗೆ ಮಾತ್ರ ಗೊತ್ತಿತ್ತು. ಈಗ ಇಬ್ಬರಿಗೆ ಗೊತ್ತಾಗುವುದರಲ್ಲಿತ್ತು.

ದೋಣಿ ಅಣ್ಣತಮ್ಮಂದಿರಿಬ್ಬರದು. ಆಚೆ ದಡದ ಗೋದಾಮಿಗೆ ಸಾಮಾನು ಸಾಗಿಸಿ ಇಡೀ ಮನೆ ಅದರ ಮೇಲೆ ಬದುಕುತ್ತಿತ್ತು. ಹೊಸ ಎಂಜಿನ್ ಬಂದಾಗ ಮೈದುನ ಉತ್ಸಾಹದಲ್ಲಿ ಬೋಲ್ಟಿಗೆ ತೂತು ಕೊರೆದಿದ್ದ, ತೂತಿನ ಸುತ್ತ ಅಂಟು ತುಂಬುವುದನ್ನು ಮರೆತಿದ್ದ. ನೀರಿಗೆ ಇರುವೆಗಿಂತ ಹೆಚ್ಚು ಹಠ. ಒಳಗಿನ ಪ್ಲೈವುಡ್ ಕೊಳೆಯುತ್ತಾ ಹೋಗಿ, ಎಂಜಿನ್ ಓಡುವಾಗ ಬೆನ್ನುಹಲಗೆ ಸಂಗೀತ ಕೇಳುವವರ ಹಾಗೆ ತಲೆದೂಗತೊಡಗಿತು. ದೋಣಿ ಕಟ್ಟುವವರು ಈ ಹಂಗಾಮು ಮುಗಿಯುವವರೆಗೆ ಕೈಬಿಡುವಿಲ್ಲ ಎಂದುಬಿಟ್ಟರು. ಆಗ ಚಿಕ್ಕ ಸೊಸೆ, ಬಾಯಲ್ಲಿದ್ದ ತುತ್ತನ್ನೂ ನುಂಗದೆ, ನಾವೇ ಮಾಡೋಣ ಅಂದಳು.

ಅವಳು ಮದುವೆಗೆ ಮುಂಚೆ ಫೈಬರಿನ ನೀರಿನ ಟ್ಯಾಂಕ್ ಮಾಡುವ ಕಾರ್ಖಾನೆಯಲ್ಲಿ ಮೇಲ್ವಿಚಾರಕಿಯಾಗಿದ್ದವಳು. ಅದನ್ನು ಯಾರೂ ಮರೆಯದಂತೆ ನೋಡಿಕೊಳ್ಳುತ್ತಿದ್ದಳು ಕೂಡ. ನಮ್ಮ ಟ್ಯಾಂಕಿನಲ್ಲಿ ಹೀಗೆ, ನಮ್ಮ ಟ್ಯಾಂಕಿನಲ್ಲಿ ಹಾಗೆ. ನಾಚಿಕೆ, ಸಂಕೋಚ ಅವಳ ಜಾತಕದಲ್ಲೇ ಇರಲಿಲ್ಲ. ಗ್ರೈಂಡರ್ ಹಿಡಿದು ಒಳಗಿನ ಫೈಬರ್ ಪದರವನ್ನು ಕೊಯ್ದು ತೆಗೆದಳು. ನೆನೆದ ಬಿಸ್ಕತ್ತಿನ ಹಾಗಾಗಿದ್ದ ಮರವನ್ನು ಹಾಡು ಗುನುಗುತ್ತಾ ಕೆರೆದು ಬುಟ್ಟಿಗೆ ತುಂಬಿದಳು. ಕೆರೆಯುವುದಕ್ಕೆ ಅತ್ತೆ ಅವಳಿಗೆ ಕೊಟ್ಟದ್ದು, ತೀರಿಹೋದ ಮಾವನ ಉಳಿ.

ದೊಡ್ಡ ಸೊಸೆಯ ಹೊಟ್ಟೆಗೆ ಬೆಂಕಿ ಬಿದ್ದದ್ದು ಅಲ್ಲಿ. ಮದುವೆಯಾದ ಹೊಸತರಲ್ಲಿ ಒಮ್ಮೆ ಅದೇ ಉಳಿಯಿಂದ ಅವಳು ಬಣ್ಣದ ಡಬ್ಬಿಯ ಮುಚ್ಚಳ ಎಬ್ಬಿಸಿದ್ದಳು. ಅತ್ತೆ ಎಷ್ಟೋ ದಿನ ಮುಖ ಕೊಟ್ಟು ಮಾತಾಡಿರಲಿಲ್ಲ. ಈಗ ನಿನ್ನೆ ಮೊನ್ನೆ ಬಂದವಳಿಗೆ ತಾವೇ ಸೆರಗಿನಲ್ಲಿ ಒರೆಸಿ ಕೊಟ್ಟಿದ್ದರು. ತಾನು ರಸಾಯನಶಾಸ್ತ್ರ ಓದಿದವಳು, ಔಷಧದಂಗಡಿಯಲ್ಲಿ ಇಷ್ಟು ವರ್ಷದಲ್ಲಿ ಒಂದು ಗುಳಿಗೆ ಹೆಚ್ಚುಕಡಿಮೆ ಮಾಡಿದವಳಲ್ಲ, ಈ ಮನೆಯ ಗ್ಯಾಸು, ಬೀಗ, ಮಾತ್ರೆ ಎಲ್ಲ ನೆನಪಿಟ್ಟುಕೊಂಡವಳು. ಅದಕ್ಕೆ ಸಿಕ್ಕಿದ ಹೊಗಳಿಕೆ ಎಂದರೆ, ದೊಡ್ಡವಳು ಬಿಡು, ಅವಳಿಗೆ ಎಲ್ಲದಕ್ಕೂ ಗಾಬರಿ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ, ಮದ್ದಿನಂಗಡಿಯಲ್ಲೇ ಬೆಳೆದ ಗಿಡಕ್ಕೂ ಅದೇ ಗತಿ.

ಅಳತೆಯ ಕೆಲಸ ತನಗೆ ಬಂದಾಗ ಅವಳಿಗೆ ಒಳಗೊಳಗೇ ಹಿಗ್ಗಾಗಿತ್ತು. ರೆಸಿನ್ ಎಂಬ ಅಂಟುದ್ರವಕ್ಕೆ ಪುಡಿ ಕಲಸಿ ಹಿಟ್ಟಿನ ಹಾಗೆ ಮಾಡಿ, ಅದಕ್ಕೆ ಇಷ್ಟೇ ಇಷ್ಟು ಹಾರ್ಡನರ್ ಸೇರಿಸಬೇಕು. ಹೆಚ್ಚಾದರೆ ಕಪ್ಪಿನಲ್ಲೇ ಕುದಿದು ಕಲ್ಲಾಗುತ್ತದೆ, ಹಾಕದೇ ಹೋದರೆ ಯುಗ ಕಳೆದರೂ ಗಟ್ಟಿಯಾಗುವುದಿಲ್ಲ. ಅಂಗಡಿಯಿಂದ ಸಿರಿಂಜು ತಂದು, ಅಂಗಡಿಯ ಪದ್ಧತಿಯನ್ನೇ ಶೆಡ್ಡಿನ ಮೇಜಿನ ಮೇಲೂ ಜಾರಿಗೆ ತಂದಳು. ಎಡಗಡೆ ಇದ್ದದ್ದು ಆಗಬೇಕಾದದ್ದು, ಬಲಗಡೆ ಇದ್ದದ್ದು ಆದದ್ದು. ಬಲಗಡೆಯ ಕಪ್ಪನ್ನು ಯಾರು ಬೇಕಾದರೂ ಕಣ್ಣುಮುಚ್ಚಿ ಎತ್ತಿಕೊಳ್ಳಬಹುದು. ಅದು ಅವಳ ಹೆಮ್ಮೆ.

ಹೊಸ ಪ್ಲೈವುಡ್ಡನ್ನು ಅಂಟಿಸುವ ದಿನ ಪಕ್ಕದ ಮನೆಯಾಕೆ ನೋಡಲು ಬಂದಳು. ದೊಡ್ಡ ಸೊಸೆ ಕೊನೆಯ ಕಪ್ಪನ್ನು ಮುಂದಿಟ್ಟುಕೊಂಡು ಸಿರಿಂಜಿಗೆ ಹಾರ್ಡನರ್ ಎಳೆದಿದ್ದಳಷ್ಟೇ. ಬೆನ್ನ ಹಿಂದೆ ಅತ್ತೆ ಹೇಳುವುದು ಕೇಳಿಸಿತು: "ಇಂಥ ಸೊಸೆ ಮೊದಲೇ ಬಂದಿದ್ರೆ ನಮ್ಮನೆಯೋರು ಇನ್ನಷ್ಟು ದಿನ ಬದುಕಿರ್ತಿದ್ರು ನೋಡು."

ಅವಳು ತಿರುಗಿ ನೋಡಲಿಲ್ಲ. ಕಪ್ಪನ್ನು ಎಡದಿಂದ ಬಲಕ್ಕೆ ಸರಿಸಿದಳು. ಚಿಕ್ಕ ಸೊಸೆಯ ಕೈ ಬಂದು ಅದನ್ನು ಎತ್ತಿಕೊಂಡು ಹೋಯಿತು, ಕೆಳಗಿನ ಎಡಮೂಲೆಗೆ ಮೆತ್ತಿತು, ಹಲಗೆ ಕೂತಿತು, ಕ್ಲ್ಯಾಂಪುಗಳು ಬಿಗಿದವು. ಎಲ್ಲರೂ ಕೈ ತೊಳೆಯಲು ಹೋದ ಮೇಲೆ ಅವಳಿಗೆ ತನ್ನ ಕೈಯಲ್ಲಿದ್ದ ಸಿರಿಂಜು ಕಂಡಿತು. ತುಂಬಿಯೇ ಇತ್ತು.

ಆ ಗಳಿಗೆಯಲ್ಲಿ ಕೂಗಿ ಹೇಳಿದ್ದರೆ ಹಲಗೆ ಬಿಚ್ಚಿ ಒರೆಸಿ ಮತ್ತೆ ಕೂರಿಸಬಹುದಿತ್ತು. ಆದರೆ ಪಕ್ಕದ ಮನೆಯಾಕೆ ಇನ್ನೂ ಅಲ್ಲೇ ನಿಂತಿದ್ದಳು. ಗಾಬರಿಯವಳು ಅಂತೂ ಹೌದು, ಇನ್ನು ಮೈಮೇಲೆ ಗ್ಯಾನವಿಲ್ಲದವಳು ಅಂತಲೂ ಆಗುತ್ತಿತ್ತು. ಅವಳು ಸಿರಿಂಜನ್ನು ಶೆಡ್ಡಿನ ಹಿಂದಿನ ಮರಳಿಗೆ ಖಾಲಿ ಮಾಡಿ ತೊಳೆದಿಟ್ಟಳು. ನಾಳೆ ಹೇಳಿದರಾಯಿತು ಅಂದುಕೊಂಡಳು. ನಾಳೆಯೂ ಬಂದು ಹೋಯಿತು.

ಈಗ, ಕತ್ತಲಲ್ಲಿ, ಅವಳು ಎದ್ದು ಅಡುಗೆಮನೆಯ ಕಿಟಕಿಗೆ ಹೋದಳು. ಶೆಡ್ಡಿನ ಬಲ್ಬಿನ ಕೆಳಗೆ ಚಿಕ್ಕ ಸೊಸೆ ಮಂಡಿಯೂರಿ ಕೂತಿದ್ದಳು. ಚಾಕುವಿನ ತುದಿಯನ್ನು ಮೂಲೆಯ ಅಂಚಿಗೆ ತೂರಿಸಿ ಎಳೆದಳು. ಹಸಿ ಅಂಟು ದಾರದಂತೆ ಬಂತು. ಬೆರಳಲ್ಲಿ ಉಜ್ಜಿದಳು, ಮೂಸಿದಳು. ಅವಳ ತಲೆ ನಿಧಾನವಾಗಿ ಅಳತೆಯ ಮೇಜಿನ ಕಡೆ ತಿರುಗಿತು.

ಮುಗಿಯಿತು, ಬೆಳಗಾದರೆ ಡಂಗುರ, ಎಂದು ದೊಡ್ಡ ಸೊಸೆ ಕಿಟಕಿಯ ಸರಳು ಹಿಡಿದುಕೊಂಡಳು. ಆದರೆ ಓರಗಿತ್ತಿ ಯಾರನ್ನೂ ಎಬ್ಬಿಸಲಿಲ್ಲ. ಕೈಗೆ ಸಿಕ್ಕಷ್ಟು ಹಸಿ ಅಂಟನ್ನು ಕೆರೆದು ಹಳೆಯ ಪತ್ರಿಕೆಯಲ್ಲಿ ಸುತ್ತಿದಳು, ಬುಟ್ಟಿಯ ತಳದಲ್ಲಿ, ಕೊಳೆತ ಮರದ ಚೂರುಗಳ ಕೆಳಗೆ ಹುದುಗಿಸಿದಳು. ಬಟ್ಟೆಯಲ್ಲಿ ಅಂಚು ಒರೆಸಿ ದೀಪ ಆರಿಸಿದಳು.

ಬೆಳಗ್ಗೆ ಎಲ್ಲರೂ ಕಾಫಿ ಲೋಟ ಹಿಡಿದು ಶೆಡ್ಡಿಗೆ ಬಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರಂತೆ. ದೊಡ್ಡ ಸೊಸೆ ಯಾರೂ ಏನೂ ಅನ್ನುವ ಮೊದಲೇ ಸಿರಿಂಜನ್ನು ಒರೆಸುತ್ತಾ ನಿಂತಿದ್ದಳು. ಚಿಕ್ಕ ಸೊಸೆ ಮೂಲೆಯನ್ನು ತಟ್ಟಿ ತೋರಿಸಿದಳು.

"ಇಲ್ಲಿ ಹಿಡಿದಿಲ್ಲ. ತಪ್ಪು ನಂದೇ. ಹಳೇ ಮರ ಕೆರೆದ ಮೇಲೆ ಈ ಮೂಲೆ ಪೂರ್ತಿ ಒಣಗಿದೆಯಾ ಅಂತ ನೋಡ್ಲೇ ಇಲ್ಲ ನಾನು."

ಮೈದುನ ಸುಮ್ಮನಿರುತ್ತಾನೆಯೇ? ತೂತು ಕೊರೆದ ದಿನದಿಂದ ತಿಂದ ಬೈಗುಳವನ್ನೆಲ್ಲ ಬಡ್ಡಿ ಸಮೇತ ಹಿಂತಿರುಗಿಸಿದ. "ಏನು ಮೇಲ್ವಿಚಾರಕಿಯೋರೇ, ನಿಮ್ಮ ಟ್ಯಾಂಕುಗಳೂ ಹೀಗೇ ಸೋರ್ತಿದ್ವಾ?"

"ನಿಮ್ಮ ತಲೆಯಷ್ಟು ಸೋರ್ತಿರ್ಲಿಲ್ಲ ಬಿಡಿ," ಅಂದಳು ಅವಳು. ಎಲ್ಲರೂ ನಕ್ಕರು, ಅವಳೂ ನಕ್ಕಳು.

ಅತ್ತೆ ಮಾತ್ರ ನಗಲಿಲ್ಲ. ಬಾಯಿ ಇಷ್ಟುದ್ದ ಇದ್ದರೆ ಸಾಲದು, ಕೆಲಸದಲ್ಲೂ ಗಮನ ಇರಬೇಕು, ದೊಡ್ಡವಳನ್ನು ನೋಡಿ ಕಲಿ, ಅಳತೆಯಲ್ಲಿ ಒಂದು ಹನಿ ಅತ್ತಿತ್ತ ಆಗಿದೆಯಾ, ಎಂದು ಗೊಣಗುತ್ತಾ ಒಳಗೆ ಹೋದರು. ಮಾವನ ಉಳಿಯನ್ನೂ ತೆಗೆದುಕೊಂಡೇ ಹೋದರು.

ಎಷ್ಟು ವರ್ಷದಿಂದ ಕಾದಿದ್ದ ಮಾತು! ಅದು ಬಂದ ದಿನ ದೊಡ್ಡ ಸೊಸೆಯ ಬಾಯಿಗೆ ಕಾಫಿ ಮಣ್ಣಿನ ನೀರಿನಂತಾಗಿತ್ತು.

ಎಡಮೂಲೆಯಷ್ಟನ್ನು ಕತ್ತರಿಸಿ ತೆಗೆದು, ಹಸಿ ಅಂಟಿನ ಗುರುತೂ ಉಳಿಯದಂತೆ ಅಸಿಟೋನಿನಲ್ಲಿ ತಿಕ್ಕಿ, ಹೊಸ ಮರದ ತುಂಡು ಕೂರಿಸಬೇಕಾಯಿತು. ಮಾವನ ಉಳಿ ಇರಲಿಲ್ಲವಾದ್ದರಿಂದ ಚಿಕ್ಕ ಸೊಸೆ ಮೊಂಡು ಚಾಕುವಿನಲ್ಲೇ ಕೆರೆದಳು. ಬೊಬ್ಬೆ ಬಂದ ಬೆರಳಿಗೆ ದೊಡ್ಡ ಸೊಸೆ ಅಂಗಡಿಯಿಂದ ತಂದ ಪಟ್ಟಿ ಸುತ್ತಿದಳು. ಸುತ್ತುವಾಗ ಒಂದು ಮಾತು ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಓರಗಿತ್ತಿಯೇ ಹೇಳಿದಳು: "ಅಕ್ಕ, ಅಳತೆ ಈ ಸಲವೂ ನಿಮ್ಮದೇ. ಆದ್ರೆ ಹಾಕಿದ ಮೇಲೆ 'ಹಾಕಿದೆ' ಅಂತ ಬಾಯಲ್ಲಿ ಹೇಳಿಬಿಡಿ. ನಮ್ಮ ಟ್ಯಾಂಕಿನಲ್ಲಿ ಹಾಗೇ ಇತ್ತು. ಸುಮ್ಮನೆ, ಒಂದು ಪದ್ಧತಿ."

ಮುಖದಲ್ಲಿ ಕೊಂಕಿರಲಿಲ್ಲ, ಕರುಣೆಯೂ ಇರಲಿಲ್ಲ. ಕೊಂಕಿದ್ದಿದ್ದರೆ ಎಷ್ಟು ಚೆನ್ನಾಗಿತ್ತು. ದ್ವೇಷಿಸುವುದಕ್ಕೆ ಒಂದು ಹಿಡಿಕೆಯಾದರೂ ಸಿಗುತ್ತಿತ್ತು.

"ಹಾಕಿದೆ," ಅಂದಳು ದೊಡ್ಡ ಸೊಸೆ, ಪ್ರತಿ ಕಪ್ಪಿಗೂ, ಶಾಲೆಯ ಮಗುವಿನ ಹಾಗೆ.

ಫೈಬರ್ ಹಾಸಿ, ಉರುಳೆ ಎಳೆದು, ಬೋಲ್ಟಿನ ತೂತುಗಳಿಗೆಲ್ಲ ಅಂಟು ತುಂಬಿ, ದೋಣಿ ನೀರಿಗೆ ಇಳಿಯಿತು. ಮಾವನ ಕಾಲದಿಂದ ಆ ಮನೆಯಲ್ಲಿ ಒಂದು ನಿಯಮ. ದುರಸ್ತಿ ಮಾಡಿದವರು ಮೊದಲ ಸುತ್ತಿನಲ್ಲಿ ಎಂಜಿನ್ ಪಕ್ಕ ಕೂರಬೇಕು, ಮುಳುಗಿದರೆ ಮೊದಲು ಅವರ ಬಟ್ಟೆಯೇ ಒದ್ದೆಯಾಗಲಿ ಅಂತ. ಚಿಕ್ಕ ಸೊಸೆ ಕೂತಳು. ಕೂತವಳು, ಅಕ್ಕನೂ ಬರಲಿ, ಅರ್ಧ ಕೆಲಸ ಅವರದಲ್ವಾ, ಎಂದು ಕೈ ಚಾಚಿದಳು. ಎಲ್ಲರೂ ನೋಡುತ್ತಿದ್ದರು. ಹಿಡಿಯದೆ ವಿಧಿಯಿರಲಿಲ್ಲ.

ಎಂಜಿನ್ ಪೂರ್ತಿ ಜೋರಾದಾಗ ದೊಡ್ಡ ಸೊಸೆ ಎಡಮೂಲೆಯ ಮೇಲೆ ಅಂಗೈ ಇಟ್ಟಳು. ಬಂಡೆಯ ಹಾಗೆ ಕೂತಿತ್ತು. ಪಕ್ಕದಲ್ಲಿ ಓರಗಿತ್ತಿಯ ಸೆರಗು ಗಾಳಿಗೆ ಹಾರುತ್ತಿತ್ತು, ಎಂಜಿನಿನ ಸದ್ದಿನ ಮೇಲೂ ಅವಳು ಹಾಡು ಗುನುಗುತ್ತಿದ್ದಳು.

ದಡಕ್ಕೆ ಬಂದಾಗ ಅತ್ತೆ ಪಕ್ಕದ ಮನೆಯಾಕೆಗೆ ಹೇಳುತ್ತಿದ್ದರು, ಚಿಕ್ಕವಳು ಒಂದು ಮೂಲೆ ಕೆಡಿಸಿಬಿಟ್ಟಿದ್ದಳು, ದೊಡ್ಡವಳ ಅಳತೆಯಿಂದ ಬಚಾವು ಎಂದು. ಚಿಕ್ಕ ಸೊಸೆ ಅದನ್ನು ಕೇಳಿಸಿಕೊಂಡು, ಹೌದು ಹೌದು, ಎಂದು ಎಂಜಿನಿನ ಪೈಪು ಸುತ್ತುತ್ತಿದ್ದಳು.

ಮನೆಗೆ ನಡೆಯುವಾಗ ಗಂಡ ಹತ್ತಿರ ಬಂದು, ಯಾಕೆ ಮುಖ ಸಪ್ಪಗಿದೆ, ಎಲ್ಲ ಸರಿಯಾಯ್ತಲ್ಲ, ಎಂದು ಕೇಳಿದ. ಹೇಳಿಬಿಡಲೇ ಅನ್ನಿಸಿತು. ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡು ಎಷ್ಟು ದಿನ ತಿರುಗುವುದು? ಹೇಳಿದರೆ ಅವನೇನೂ ಬೈಯುವವನಲ್ಲ. ನಕ್ಕು, ಅಮ್ಮನ ಕಿವಿಗೂ ಹಾಕುತ್ತಾನೆ. ಅಮ್ಮ ಹಣೆ ಚಚ್ಚಿಕೊಳ್ಳುತ್ತಾರೆ, ಅಯ್ಯೋ, ಆ ಹುಡುಗಿ ನಿನ್ನ ತಪ್ಪನ್ನು ತನ್ನ ತಲೆಗೆ ಹಾಕಿಕೊಂಡು ನಿನ್ನ ಮಾನ ಉಳಿಸಿದಳಲ್ಲೇ ಅನ್ನುತ್ತಾರೆ. ಆಮೇಲೆ ಉಳಿ ಮಾತ್ರವಲ್ಲ, ಮಾವನ ಉಪಕರಣಗಳ ಪೆಟ್ಟಿಗೆಯೇ ಅವಳ ಕೋಣೆಗೆ ಹೋಗುತ್ತದೆ. ಕೈಚಳಕ ಅವಳದು, ಮಾತು ಅವಳದು, ನಗು ಅವಳದು. ಕೊನೆಗೆ ಒಳ್ಳೆಯತನವೂ ಊರೆಲ್ಲ ತಿಳಿಯುವಂತೆ ಅವಳದೇ ಆಗಬೇಕೇ?

ಮುಂದೆ ಚಿಕ್ಕ ಸೊಸೆ ಪಟ್ಟಿ ಸುತ್ತಿದ ಬೆರಳನ್ನು ಎತ್ತಿಕೊಂಡು ಮೈದುನನಿಗೆ ಏನೋ ಹೇಳಿ ನಗಿಸುತ್ತಾ ಹೋಗುತ್ತಿದ್ದಳು. ಅವಳಾಗಿ ಹೇಳುವವಳಲ್ಲ. ಅದಂತೂ ದೊಡ್ಡ ಸೊಸೆಗೆ ಖಚಿತವಾಗಿ ಗೊತ್ತಿತ್ತು, ಆ ಖಾತ್ರಿಯೂ ಮುಳ್ಳಿನ ಹಾಗೆ ಚುಚ್ಚಿತು.

"ಏನಿಲ್ಲ," ಅಂದಳು ಗಂಡನಿಗೆ, "ಬಿಸಿಲಿಗೆ ತಲೆನೋವು."

ಹೇಳುವುದಿಲ್ಲ. ಇವನಿಗೂ ಇಲ್ಲ, ಅತ್ತೆಗೂ ಇಲ್ಲ, ಸಾಯುವವರೆಗೆ ಯಾರಿಗೂ ಇಲ್ಲ.